ಅಪ್ಪನ ಕೈ ಹಿಡಿದ ದಿನ

ಆಪಿಯಾ,
ಆಗಸ್ಟ್ ೧೪

ನನ್ನ ಮುದ್ದಿನ ಅಕ್ಕ ಮಾಸೆಲಿನಾಗೆ,

ತಾಲಿಲಗಿ ಮಾಡುವ ನಮಸ್ಕಾರಗಳು. ‘ನಿನ್ನ ತಂಗಿ ಊರ ಮುಂದೆ ಅಪ್ಪನ ಮಾನ ಕಳೆದಳು’ ಎಂಬ ಮಾತು ಸಮುದ್ರ ದಾಟಿ ನಿಮ್ಮ ಆಕ್ಲೆಂಡಿನ ಚರ್ಚ್‌ವರೆಗೂ ಬಂದಿದೆಯಂತೆ. ನಡೆದದ್ದನ್ನು ನನ್ನಿಂದಲೇ ಕೇಳು.

ಹಚ್ಚೆ ಹಾಕುವವರಿಗೆಲ್ಲ ಆಸ್ಪತ್ರೆಯಲ್ಲಿ ತರಬೇತಿ ಇಟ್ಟಿದ್ದರು. ರಕ್ತದಿಂದ ರಕ್ತಕ್ಕೆ ರೋಗ ಹೇಗೆ ದಾಟುತ್ತದೆ, ಹೇಗೆ ತಡೆಯಬೇಕು ಅಂತ. ಅಪ್ಪನನ್ನು ಎಳೆದುಕೊಂಡೇ ಹೋದೆ. ಅವರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು, “ನಮ್ಮ ತಾತ ಹಂದಿಕೋರೆಯ ಹಣಿಗೆಯನ್ನ ಚರ್ಮಕ್ಕೆ ಬಡಿದೇ ಅರ್ಧ ಊರಿಗೆ ಹಚ್ಚೆ ಹಾಕಿದ. ಆಗ ಯಾವ ನರ್ಸಮ್ಮ ಬಂದು ಪಾಠ ಹೇಳಿದ್ಳು?” ಅಂದರು. ನರ್ಸ್ ಅಸೆನಾತಿ ಬಿಟ್ಟಾಳೆಯೇ? “ಆಗ ಯಾರ್ ಯಾಕೆ ಸತ್ರು ಅಂತ ಯಾರು ನೋಡಿದ್ರು ಮಾವಾ?” ಅಂದಳು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಆದರೂ ಕುದಿಸಿ ಶುದ್ಧ ಮಾಡಬಹುದಾದ ಉಕ್ಕಿನ ಹಣಿಗೆ ತಂದರು, ಗೊಣಗುತ್ತಲೇ ಕೈಗವಸು ಹಾಕಿದರು. ರಕ್ತಪರೀಕ್ಷೆಗೆ ಕರೆದಾಗ ಮಾತ್ರ, “ನನಗೇನು ಬಂದಿದೆ ರೋಗ?” ಅಂತ ಎದ್ದು ಬಂದರು.

ಆಮೇಲೆ ಊರ ಯಜಮಾನ ಲೆಪೌ ಅವರ ಮಗ ಇಯೋಪುವಿನ ಹಚ್ಚೆ ಶುರುವಾಯಿತು. ಸೊಂಟ ಮುಗಿದು ತೊಡೆಗೆ ಬಂದಿತ್ತು. ನಾನು ಚರ್ಮ ಬಿಗಿಹಿಡಿದು ಕೂತಿದ್ದೆ, ಯಜಮಾನರು ಮಗನ ತಲೆಯ ಬಳಿ ಕೂತು ಹಾಡುತ್ತಿದ್ದರು. ಹಣಿಗೆ ಬಡಿಯುವ ಸುತ್ತಿಗೆ ಜಾರಿತು. ಹಣಿಗೆ ಅಪ್ಪನ ಕೈಗವಸು ಹರಿದು ಹೆಬ್ಬೆರಳಿಗೆ ಇಳಿಯಿತು. ರಕ್ತ ಇಯೋಪುವಿನ ಹಸಿ ಗಾಯದ ಮೇಲೆ ತೊಟ್ಟಿಕ್ಕಿತು. ಅಪ್ಪ ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಅದೇ ಹಣಿಗೆ ಎತ್ತಿದರು.

ನಾನು ಅವರ ಮಣಿಕಟ್ಟು ಹಿಡಿದೆ, ಅಕ್ಕ.

ಹಾಡು ನಿಂತಿತು. “ಏ ಹುಡುಗಿ, ಕೈ ಬಿಡು. ಅರ್ಧ ಹಚ್ಚೆ ಹೊತ್ತವನು ಹೇಡಿ ಅಂತಾರೆ ಜನ. ನನ್ನ ಮಗ ಸಾಯೋವರೆಗೂ ಆ ಹೆಸರು ಹೊರಬೇಕಾ?” ಅಂತ ಯಜಮಾನರು ಗುಡುಗಿದರು. ಅಪ್ಪ ಬಹಳ ಮೆಲ್ಲಗೆ, “ತಾಲಿ, ಬಿಡು. ಇಲ್ಲದಿದ್ರೆ ಇನ್ಮೇಲೆ ನನ್ನ ಪಕ್ಕ ಕೂರಬೇಡ” ಅಂದರು. ನಾನು ಬಿಡಲಿಲ್ಲ. “ಅಪ್ಪಾ, ನೀವೂ ಇಯೋಪುನೂ ಮೊದಲು ತೊಳ್ಕೊಳ್ಳಿ, ಆಸ್ಪತ್ರೆಗೆ ನಡೀರಿ. ಬೈಯೋದಾದ್ರೆ ದಾರೀಲಿ ಬೈಯಿರಿ” ಅಂದೆ. ಚಾಪೆಯ ಮೇಲೆ ಬೋರಲಾಗಿದ್ದ ಇಯೋಪು ತಲೆ ಎತ್ತಿ, “ಅಪ್ಪಾ, ನನಗೂ ಸ್ವಲ್ಪ ಉಸಿರಾಡೋಕೆ ಬಿಡಿ” ಅಂದ. ಆ ಒಂದು ಮಾತಿನಿಂದ ಎಲ್ಲರೂ ಎದ್ದರು.

ಇಬ್ಬರದೂ ರಕ್ತ ತೆಗೆದರು. ಇಯೋಪುವಿಗೆ ಅವತ್ತೇ ಲಸಿಕೆ ಚುಚ್ಚಿದರು. ಅವನ ರಕ್ತದಲ್ಲಿ ಏನೂ ಇಲ್ಲ. ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕಂತೆ.

ಅಪ್ಪ ಫಲಿತಾಂಶ ತರಲು ಒಬ್ಬರೇ ಹೋಗಿ ಬಂದರು. ಮರುದಿನ ದೋಣಿ ಹತ್ತಿ ಸವಾಯಿ ದ್ವೀಪಕ್ಕೆ ಹೋದರು. ಯಾರನ್ನು ಕರೆತಂದರು ಗೊತ್ತೇ? ಅಲ್ಲಿನ ಹಚ್ಚೆಗಾರ ಲಾವಿಲಾನನ್ನು! ಯಾರ ಹೆಸರೆತ್ತಿದರೆ ಅಪ್ಪ ಅನ್ನದ ಮುಂದಿನಿಂದ ಎದ್ದುಹೋಗುತ್ತಿದ್ದರೋ ಅವನನ್ನೇ. “ನನ್ನ ಕೆಲಸ ನೀನು ಮುಗಿಸಿಕೊಡು” ಅಂತ ಅವನೆದುರು ತಲೆ ಬಾಗಿಸಿದರಂತೆ. ಇಯೋಪುವಿನ ಹಚ್ಚೆ ಲಾವಿಲಾನ ಕೈಯಲ್ಲಿ ಪೂರ್ತಿಯಾಯಿತು. ಮುಗಿಯುವವರೆಗೂ ಅಪ್ಪ ಕಂಬಕ್ಕೊರಗಿ ದೂರ ಕೂತಿದ್ದರು. ಯಜಮಾನರಿಗೆ ಇದೊಂದೂ ಅರ್ಥವಾಗಲಿಲ್ಲ. ಅಪ್ಪನ ಹಟ ಅಂದುಕೊಂಡರು.

ಅಪ್ಪ ನನ್ನೊಡನೆ ಮಾತು ಬಿಟ್ಟಿಲ್ಲ. ನಿನ್ನೆ ಸುಟ್ಟ ದೀವಿಹಲಸಿನಲ್ಲಿ ದೊಡ್ಡ ಪಾಲು ನನಗೇ ಇಟ್ಟರು. ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ತಾಲಿಲಗಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಅಪ್ಪನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ. ಎಷ್ಟೋ ವರ್ಷಗಳದ್ದು ಅನ್ನುತ್ತಾರೆ ಡಾಕ್ಟರು. ಎನೆಲೆ ಬಾವನ ಹಚ್ಚೆ ಅಪ್ಪನೇ ಹಾಕಿದ್ದು, ಕೈಗವಸಿಲ್ಲದೆ. ಅಕ್ಕ, ಬಾವನನ್ನೂ ಮಕ್ಕಳನ್ನೂ ಕರೆದುಕೊಂಡು ಪರೀಕ್ಷೆ ಮಾಡಿಸು, ನೀನೂ ಮಾಡಿಸಿಕೊ. ಇದ್ದರೂ ಔಷಧಿ ಇದೆ, ಹೆದರಬೇಡ. “ಮೊದಲು ಮಾಸೆಲಿನಾಗೆ ಬರಿ, ಊರವರಿಗೆ ನಾನೇ ಹೇಳ್ತೀನಿ” ಅಂದರು ಅಪ್ಪ. ಸೋಮವಾರದಿಂದ ತಾವು ಹಚ್ಚೆ ಹಾಕಿದ ಒಬ್ಬೊಬ್ಬರ ಬಾಗಿಲಿಗೂ ಹೋಗುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ.