ಖಾಲಿ ಅತ್ತಿಹಣ್ಣು

ಸೋಮವಾರ, ಮೇ 12
ಬೆಳಗ್ಗೆ ಲ್ಯಾಬ್. ಜಿರಳೆ ಪ್ರ್ಯಾಕ್ಟಿಕಲ್, ಇಬ್ಬರು ಹುಡುಗಿಯರು ಹೊರಗೋಡಿದರು. ಮಧ್ಯಾಹ್ನ ರೆವರೆಂಡ್ ರಾಯಪ್ಪ ಸರ್ ಫೋನು. ಅವರ ದೇವಜ್ಞಾನ ಕಾಲೇಜಿನಲ್ಲಿ ಹೊಸ ಕೋರ್ಸ್ — ಜೀವಶಾಸ್ತ್ರ ಮತ್ತು ಕ್ರೈಸ್ತ ನಂಬಿಕೆ. ಶುಕ್ರವಾರ ಕಮಿಟಿ ಮುಂದೆ ಡೆಮೊ. ಮೆಚ್ಚಿದರೆ ಕೋರ್ಸ್ ನನ್ನದು. ಇಲ್ಲದಿದ್ದರೆ ಕೋರ್ಸೇ ಇಲ್ಲ.

ತಕ್ಷಣ ಹೂಂ ಅಂದೆ. ಝೂಆಲಜಿ ಮುಗಿಸಿ ದೇವಜ್ಞಾನ ಓದಿದವಳು. ಸ್ಟಾಫ್‌ರೂಮಿನಲ್ಲಿ 'ಚರ್ಚ್ ಮೇಡಂ', ವಿಕಾಸವಾದ ಕಲಿಸುತ್ತೇನೆಂದು ಚರ್ಚಿನಲ್ಲಿ 'ಮಂಗ್ಯಾನ ಮೇಡಂ'. ಅತ್ತ ದರಿ ಇತ್ತ ಪುಲಿ. ಈಗ ಎರಡನ್ನೂ ಒಂದೇ ಬೋರ್ಡಿನ ಮೇಲೆ ಬರೆಯಬಹುದು!

ವಿಷಯ ಬಸ್ಸಿನಲ್ಲೇ ಹೊಳೆಯಿತು: ಅತ್ತಿಹಣ್ಣು. ಬಿಚ್ಚಿದರೆ ಹುಳ ಅಂತ ಜನ ಮೂಗು ಮುರಿಯುತ್ತಾರೆ. ಆ ಹುಳದ ತಾಯಿ, ಸಣ್ಣ ಕಣಜ, ಕಾಯಿಯೊಳಗೆ ನುಗ್ಗುವಾಗ ರೆಕ್ಕೆ ಹರಿದುಕೊಳ್ಳುತ್ತಾಳೆ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತಾಳೆ. ಮಕ್ಕಳು ರೆಕ್ಕೆ ಬಲಿತು, ಹಣ್ಣಿಗೆ ಕೊರೆದ ತೂತಿನಿಂದ ಹಾರುತ್ತವೆ. ತ್ಯಾಗ... ಕಮಿಟಿಯ ಕಣ್ಣೆದುರೇ ಹಣ್ಣು ಕತ್ತರಿಸಿ ಹುಳ ಜೀವಂತ ತೋರಿಸಬೇಕು.

ಗುರುವಾರ, ಮೇ 15
ರಜೆ ಹಾಕಿ ಖಾನಾಪುರ. ನಮ್ಮ ಕಾಲೇಜಿನ ಬಾಟನಿಯ ಶ್ರೀಪಾಲ ಸರ್ ಕಾರು. ಊರಾಚೆಯ ಮಚ್ಛೆ ದಾಟುವವರೆಗೂ ಲಾರಿ ಹಿಂದೆ ಲಾರಿ, ನನ್ನದು ಮಾತಿನ ಹಿಂದೆ ಮಾತು. ಹಳ್ಳದ ದಂಡೆಯಲ್ಲಿ ಮರ, ಬುಡದಿಂದಲೇ ಗೊಂಚಲು. ಒಂದನ್ನು ಸೀಳಿದೆ — ಒಳಗೆ ಹುಳಗಳ ಸಂತೆ. ನಾನು ಕುಣಿಯುವುದೊಂದು ಬಾಕಿ. ಸೀಳದ ಹಣ್ಣು ಒಂದು ಚೀಲ ತುಂಬಿಕೊಂಡೆ.

ಶ್ರೀಪಾಲ ಸರ್ ಜೈನರು, ಅತ್ತಿ ಮುಟ್ಟುವುದಿಲ್ಲ. "ಎಲಿ ಬಗ್ಗೆ ಕೇಳ್ರಿ, ಹೇಳ್ತೀನಿ. ಹಣ್ಣು ನೀವ ಹಿಡ್ಕೋರಿ."

ಮಹಾಂತೇಶ ನಗರದ ಅವರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ. ಅವರ ತಾಯಿ ಶಾಂತಮ್ಮ ಬಾಗಿಲಲ್ಲೇ ತಡೆದರು.

"ಏನವಾ ಅದು ಚೀಲದಾಗ?"

"ಅತ್ತಿಹಣ್ಣು ರೀ ಅವ್ವಾರ. ನಾಳಿ ಪಾಠಕ್ಕ."

"ಅದರಾಗ ಜೀವ ಅದಾವ. ಹೊರಗ ಕಟ್ಟಿ ಮ್ಯಾಲ ಇಡು."

ಇಟ್ಟೆ. ಬೆಳಗ್ಗೆ ಕಾರಿನಲ್ಲಿ ತರುತ್ತೇನೆ ಅಂದರು ಶ್ರೀಪಾಲ ಸರ್.

ಶುಕ್ರವಾರ, ಮೇ 16, ಸಂಜೆ
ಕೆಟ್ಟಿತು ಅಂದುಕೊಂಡೆ. ಬೋರ್ಡ್ ತುಂಬ ಚಿತ್ರ ಬರೆದು, ಕಮಿಟಿ ಮುಂದೆ ಹಣ್ಣು ಕತ್ತರಿಸಿದರೆ — ಹುಳವೇ ಇಲ್ಲ. ಇನ್ನೊಂದು. ಅದೂ ಖಾಲಿ, ಪಕ್ಕದಲ್ಲಿ ಸಣ್ಣ ತೂತು. ಹಿಂದೆ ಕೂತಿದ್ದ ಶ್ರೀಪಾಲ ಸರ್ ಎದ್ದು ನಿಂತರು. "ಅವ್ವ ಚೀಲದ ಬಾಯಿ ಬಿಚ್ಚಿಟ್ಟಿದ್ಲು ರೀ. ಉಸಿರುಗಟ್ಟತಾವ ಅಂತ."

ಯಾರೋ ನಕ್ಕರು. ರಾಯಪ್ಪ ಸರ್ ಕೇಳಿದರು, "ಹಂಗಾರ ಹುಳ ಎಲ್ಲಿ ಅದಾವ್ರೀ?"

"ಇಲ್ಲಿಲ್ಲ ಸರ್. ಎದ್ದು ಹೋಗ್ಯಾವ."

ಅಂದ ಮೇಲೆ ನನಗೇ ಕೇಳಿಸಿತು. ಖಾಲಿ ಸಮಾಧಿಯ ಬಗ್ಗೆ ಈಸ್ಟರ್ ಬೆಳಗ್ಗೆ ಚರ್ಚಿನಲ್ಲಿ ಓದುವ ಮಾತು: 'ಆತನು ಇಲ್ಲಿಲ್ಲ, ಎದ್ದಿದ್ದಾನೆ.' ನಗು ನಿಂತಿತು. ರಾಯಪ್ಪ ಸರ್ ಎದ್ದು ಬಂದು ನನ್ನ ಕೈಯ ಲೆನ್ಸ್ ಇಸಿದುಕೊಂಡು ಹಣ್ಣಿಗೆ ಹಿಡಿದರು. ಒಳಗೆ ರೆಕ್ಕೆಯಿಲ್ಲದ ತಾಯಿಯೊಬ್ಬಳೇ, ಒಣಗಿ.

"ಮಕ್ಕಳು ಹಾರಿದ್ವು. ಈಕಿಗೇನು ಸಿಕ್ಕತು?" ಅಂದರು.

ತ್ಯಾಗ ಅನ್ನುವ ಉತ್ತರ ತಯಾರಿತ್ತು. ಹುಳಕ್ಕೆ ನಾನು ಹೊಲಿಸಿದ ಅಂಗಿ ಅದು. ಬದಿಗಿಟ್ಟೆ.

"ಗೊತ್ತಿಲ್ಲ ಸರ್. ಲ್ಯಾಬಿನಾಗ ಆಕೀನ್ನ ಎಣಿಸಿ ಬಿಡ್ತೀವಿ. ಚರ್ಚಿನಾಗ ಲಗೂನ ಅರ್ಥ ಹೇಳಿ ಬಿಡ್ತೀವಿ. ಎರಡೂ ಕಡಿಯವರು ಕೂಡಿ ಕುಂತು ಆಕೀನ್ನ ನೋಡೇ ಇಲ್ಲ. ಅದಕ್ಕ ಈ ಕೋರ್ಸ್ ಬೇಕು."

ಸೋಮವಾರ, ಮೇ 19
ಮಂಜೂರು. ಮಂಜೂರು! ರಾಯಪ್ಪ ಸರ್ ಷರತ್ತು ಒಂದೇ: ಮೊದಲ ಪಾಠ ಖಾನಾಪುರದ ಆ ಮರದ ಕೆಳಗೆ, ಕಮಿಟಿಯೂ ಬರುತ್ತದೆ. ಸಿಹಿಗೆ ಕುಂದಾ ಒಯ್ದು ಶಾಂತಮ್ಮನವರ ಕೈಗಿಟ್ಟೆ. ನೀವೂ ಬರ್ರಿ ಅಂದೆ.

"ಬರ್ತೀನಿ. ಚೀಲ ತರಬ್ಯಾಡ. ಚಾಕೂನೂ."

ಶನಿವಾರ, ಮೇ 24, ಬೆಳಗ್ಗೆ
ಚಾಕು ಡ್ರಾಯರಿನಲ್ಲೇ. ಬರೀ ಲೆನ್ಸ್. ಕತ್ತರಿಸದೆ ಏನು ತೋರಿಸುವುದೋ... ಹಣ್ಣಿನ ತೂತಿನ ಬಳಿ ಕಾಯುವುದು, ಹುಳ ತಾವಾಗಿ ಬಂದರೆ ನೋಡುವುದು. ಇಂಥ ಪಾಠ ನಾನೂ ಮಾಡಿಲ್ಲ.

ಗೇಟಿನಲ್ಲಿ ಹಾರ್ನ್. ಹಿಂದಿನ ಸೀಟಿನಲ್ಲಿ ಶಾಂತಮ್ಮ, ತೊಡೆಯ ಮೇಲೆ ದೊಡ್ಡ ಡಬ್ಬಿ. ಕಿಟಕಿ ಇಳಿಸಿ ನನ್ನ ಕೈ ಖಾಲಿ ಇದೆಯೇ ಅಂತ ನೋಡುತ್ತಿದ್ದಾರೆ. ಈ ಪೆನ್ನನ್ನೂ ಇಲ್ಲೇ ಇಟ್ಟು ಹೊರಟೆ.