ಲ್ಯಾಬಿನ ಕಣ್ಣಿಗೆ ಬೀಳದ್ದು

ಮಾರ್ಚ್ 4, ಬೆಳಿಗ್ಗೆ
ಮತ್ತೆ ಬಾಟಲಿಗೆ ಲೇಬಲ್. ಕೈಯೆಲ್ಲ ಗೋಂದು. ಬೋರ್‌ವೆಲ್ ನೀರಿನ ತನಿಖೆಗೆ ಪ್ಲಾನ್ ಬರೆಯೋ ಕೆಲಸ ನಮ್ಮ ಆಫೀಸಿನ ಮೇಡಂ ನನಗೇ ಕೊಟ್ಟರು. ನನಗೆ! ಅವರ ಒಂದೊಂದು ವಾಯ್ಸ್ ನೋಟನ್ನೂ ಸ್ಟಾರ್ ಮಾಡಿಟ್ಟುಕೊಂಡವನಿಗೆ.
ಮೀಟಿಂಗಲ್ಲಿ ಅಂದರು: "ನೀರು ತೆಗೆಯೋದು ಆಮೇಲಪ್ಪ. ಬರೋ ನಂಬರ್ ನೋಡಿ ಯಾರು ಏನು ತೀರ್ಮಾನ ಮಾಡ್ತಾರೆ? ಮೊದ್ಲು ಅದನ್ನ ಬರಿ."
ಮೈ ಜುಮ್ ಅಂತು. ಆ ಮಾತನ್ನ ಗೆಳೆಯರ ಗ್ರೂಪಿಗೆ ಹಾಕಿದೆ. ಬರೀ ಬೆಂಕಿ ಇಮೋಜಿ.
ಯಾರು ಅಂದರೆ... ನಮ್ಮಕ್ಕನೇ. ಅವಳ ಮನೆ ಮುಚ್ಚಿಹೋದ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಬೀದಿ. ಆರು ತಿಂಗಳ ಬಸುರಿ. ಅಂಗಡಿಯ ಕೆಮಿಕಲ್ ನೆಲಕ್ಕಿಳಿದಿದೆ ಅಂತ ಗುಮಾನಿ. ಬೋರ್ ನೀರು ಬಿಟ್ಟು ದೂರದಿಂದ ಕ್ಯಾನ್ ಹೊರುತ್ತಾಳೆ.

ಮಾರ್ಚ್ 6
ಪ್ಲಾನ್ ಮುಗೀತು. ಯಾವ ಬೋರ್, ಸ್ಯಾಂಪಲ್‌ಗೆ ಮುಂಚೆ ಪೈಪಿನ ಹಳೇ ನೀರು ಎಷ್ಟು ಹೊತ್ತು ಹರಿಯಬಿಡಬೇಕು, ಐಸ್ ಬಾಕ್ಸ್ — ಎಲ್ಲ ಇದೆ. "ಯಾವ ಟೆಸ್ಟ್" ಅನ್ನೋ ಕಡೆ "ಎಂದಿನಂತೆ". ಮೇಡಂ ರಜೆ. ಅವರ ಬದಲು, ಆಫೀಸೆಲ್ಲ 'ಸಹಿ ಸಾಹೇಬ್ರು' ಅಂತ ಕರೆಯೋ ದೊಡ್ಡ ಸಾಹೇಬ್ರು ಓದದೇ ಸಹಿ ಹಾಕಿದರು. ಆ ಹೆಸರು ಸುಮ್ಮನೆ ಬಂದಿದ್ದಲ್ಲ.

ಮಾರ್ಚ್ 19, ಸಂಜೆ
ರಿಪೋರ್ಟ್! ಎಲ್ಲ ಬೋರಲ್ಲೂ "ಪತ್ತೆಯಾಗಿಲ್ಲ". ಸ್ಕ್ರೀನ್‌ಶಾಟ್ ಅಕ್ಕನಿಗೆ. ತಕ್ಷಣ ಕಾಲ್.
"ಸತ್ಯವಾಗ್ಲೂ ಕುಡೀಬಹುದೇನೋ?"
"ಧಾರಾಳವಾಗಿ ಕುಡಿಯೇ. ನಾನು ಯಾರ ಶಿಷ್ಯ?"
"ಬಾಯಿಬಡುಕ! ನನ್ನ ಸೊಂಟ ಉಳಿಸ್ದೆ ಕಣೋ."

ಏಪ್ರಿಲ್ 11
ಮೇಡಂ ವಾಪಸ್. ರಿಪೋರ್ಟ್ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಆ ಕೆಮಿಕಲ್ ಲೀಟರಿಗೆ ಐದು ಮೈಕ್ರೋಗ್ರಾಂ ಮೇಲಿದ್ರೆ ಕುಡೀಬಾರ್ದು ಅಂತ ಪ್ಲಾನಲ್ಲಿ ನೀನೇ ಬರ್ದಿದೀಯ. ಈ ಟೆಸ್ಟಿಗೆ ಇಪ್ಪತ್ತೈದರ ಕೆಳಗೆ ಕಣ್ಣೇ ಕಾಣ್ಸಲ್ಲ. ಲ್ಯಾಬಿನೋರನ್ನ ಕೇಳಿದ್ಯಾ?"
"ಎಂದಿನಂತೆ ಅಂತ..."
"ಎಂದಿನ ಟೆಸ್ಟ್ ಇರೋದು ಚರಂಡಿ ನೀರಿಗಪ್ಪ, ಕುಡಿಯೋ ನೀರಿಗಲ್ಲ."
ಅಂದರೆ ಇಪ್ಪತ್ತು ಇದ್ದರೂ ಇಲ್ಲ ಅಂತಲೇ ಬರುತ್ತಿತ್ತು.
ಅಕ್ಕನಿಗೆ ಫೋನ್. ನಕ್ಕಳು. "ಅವತ್ತು ಕುಡಿ ಅಂದೆ, ಇವತ್ತು ಬೇಡ ಅಂತೀಯ. ಹೋಗೋ!"
ಭಾವ ಆ ಸ್ಕ್ರೀನ್‌ಶಾಟನ್ನು ಬೀದಿಯ ಗ್ರೂಪಿಗೆ ಹಾಕಿ ಎಷ್ಟೋ ದಿನವಾಗಿದೆ. ಅದರ ಕೆಳಗೆ ಈಗ ನನ್ನ ಮೆಸೇಜ್: "ಕುಡೀಬೇಡಿ". ಒಬ್ಬರ ಉತ್ತರ: "ಕ್ಯಾನ್ ಅಂಗಡಿ ಕಮಿಷನ್ ಎಷ್ಟು ತಮ್ಮಾ?" ಅದಕ್ಕೆ ಸಾಲುಸಾಲು ನಗು.

ಏಪ್ರಿಲ್ 14
ಸರಿಯಾದ ಟೆಸ್ಟಿಗೆ ಮತ್ತೆ ಸ್ಯಾಂಪಲ್ ತೆಗೆದೆವು. ಅಕ್ಕನ ಮನೆಗೆ ನಾನೇ ಕ್ಯಾನ್ ಹೊತ್ತು ಹಾಕಿಬಂದೆ.

ಏಪ್ರಿಲ್ 26
ಅಕ್ಕನ ಬೋರ್: ಹದಿನೆಂಟು.
ಸ್ಕ್ರೀನ್‌ಶಾಟ್ ಕಳಿಸಲಿಲ್ಲ. ನಾನೇ ಹೋದೆ. ಕ್ಯಾನ್ ಮೂಲೆಯಲ್ಲಿ, ಸೀಲ್ ಕೂಡ ಒಡೆದಿಲ್ಲ. ನನ್ನ ಬೆವರು ನೋಡಿ ಅಕ್ಕ ಬೋರಿನ ನಲ್ಲಿಯಿಂದ ಲೋಟ ತುಂಬಿಸಿ ತಂದಳು.
"ಮೊದ್ಲು ನೀರು ಕುಡಿ, ಆಮೇಲೆ ಹೇಳು."
ಕುಡಿಯಲಿಲ್ಲ. ಲೋಟ ನೆಲದ ಮೇಲಿಟ್ಟೆ. ಅವಳಿಗೆ ಅಷ್ಟೇ ಸಾಕಾಯಿತು. ಗೋಡೆ ಹಿಡಿದು ಕೂತಳು. ಬೈಯಲಿಲ್ಲ ಇವಳೂ. ಕೇಳಿದ್ದು ಒಂದೇ —
"ಮಗೂಗೆ?"
ಅದಕ್ಕೆ ಯಾವ ಟೆಸ್ಟ್ ಅಂತ ಈ ಸಲ ಡಾಕ್ಟರನ್ನೇ ಕೇಳೋಣ ಅಂತ ಅವಳ ಕೈ ಹಿಡಿದು ಎಬ್ಬಿಸಿದೆ.