ಬೆನ್ನ ಹಿಂದಿನ ನೆಗಡಿ

ಮನೆಯ ಮುಂದಿನ ಕೋಣೆಯಿಂದ,
ಮಾರ್ಚ್ ೧೧, ಬುಧವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದ.

ಹೇಗಿದ್ದೀಯಮ್ಮ? ಆಸ್ಪತ್ರೆಯ ಆ ಕಬ್ಬಿಣದ ಕುರ್ಚಿಯಲ್ಲಿ ಕೂತು ಕೂತು ನಿನ್ನ ಸೊಂಟ ಏನಾಗಿದೆಯೋ. ಊಟದ ಡಬ್ಬಿ ಅರ್ಧಕ್ಕರ್ಧ ಹಾಗೇ ವಾಪಸ್ಸು ಬರುತ್ತಿದೆ. ನನ್ನ ಅಡುಗೆ ನಿನಗೆ ಅಷ್ಟಕ್ಕಷ್ಟೇ ಎಂಬುದು ಹೊಸ ವಿಷಯವೇನಲ್ಲ, ಆದರೂ ಮಗುವಿನ ಪಕ್ಕ ಕೂರುವವಳು ಹೊಟ್ಟೆಗೆ ಏನಾದರೂ ಹಾಕಿಕೊಳ್ಳಬೇಕು. ಹಳೆಯ ಹೊದಿಕೆಯೊಂದನ್ನು ಕಳಿಸುತ್ತಿದ್ದೇನೆ, ಮಡಚಿ ಬೆನ್ನಿಗೆ ಕೊಟ್ಟುಕೋ. ನನಗಿನ್ನೂ ಕೆಮ್ಮು ಇರುವುದರಿಂದ ವಾರ್ಡಿನೊಳಗೆ ಬಿಡುವುದಿಲ್ಲ. ಬಿಟ್ಟರೂ ಬರುವ ಮುಖ ನನಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ನೀನು "ಹೇಳಿ ಅತ್ತೆ" ಅಂದೊಡನೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ನನ್ನ ಮಗ ಊಟದ ಡಬ್ಬಿ ಕೆಳಗಿಡುತ್ತಾ ನಿನ್ನ ಮಾತು ಹೇಳಿದ. ಕನ್ನಡಕದ ಅಂಗಡಿಗೆ ಬರುವವರ ಮುಖಕ್ಕೆ ಮುಖ ಕೊಟ್ಟು ಫ್ರೇಮು ಕೂರಿಸುವವಳು ನೀನು, ಅಲ್ಲಿಂದ ನಾನೇ ಮಗುವಿಗೆ ವೈರಸ್ ತಂದುಬಿಟ್ಟೆ ಎಂದು ಅಳುತ್ತಿದ್ದೆಯಂತೆ, ಕೆಲಸ ಬಿಟ್ಟುಬಿಡುತ್ತೇನೆ ಎಂದೆಯಂತೆ. ಅದನ್ನು ಕೇಳಿದಾಗ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನೀನು ತಂದದ್ದಲ್ಲ ತಾಯಿ. ತಂದವಳು ನಾನು.

ನನಗೆ ನೆಗಡಿ ಹತ್ತಿದ್ದು ಮಗುವಿನಿಂದ ಎಂದು ನೀವಿಬ್ಬರೂ ತಿಳಿದಿದ್ದೀರಿ, ನಾನೂ ಹೂಂ ಅಂದೆ. ಇದ್ದದ್ದು ತಿರುಗಾಮುರುಗಾ. ಮಗು ಹಾಸಿಗೆ ಹಿಡಿಯುವುದಕ್ಕೆ ಮುಂಚಿನ ವಾರ, ನಾನು ಮೊದಲು ಸಮವಸ್ತ್ರ ಹೊಲಿಯುತ್ತಿದ್ದ ಅಂಗಡಿಗೆ ಹರಟೆಗೆಂದು ಹೋಗಿದ್ದೆ. ಬಟ್ಟೆ ಕತ್ತರಿಸುವ ಮಾಸ್ತರು ಕತ್ತರಿ ಆಡಿಸಿದಷ್ಟು ಸಲ ಸೀನುತ್ತಿದ್ದರು. ಎದ್ದು ಬರಬೇಕಿತ್ತು, ಮಾತಿನ ಚಪಲ, ಸಂಜೆಯವರೆಗೂ ಕೂತೆ. ಮಾರನೇ ದಿನವಲ್ಲ, ಅದರ ಮಾರನೇ ದಿನ ಮೂಗು ಸುರಿಯತೊಡಗಿತು. ಜ್ವರವಿಲ್ಲದ ನೆಗಡಿ ಲೆಕ್ಕಕ್ಕಿಲ್ಲ ಎಂದು ನನಗೆ ನಾನೇ ಡಾಕ್ಟರಾದೆ.

ನಮ್ಮ ಮನೆಯ ಕಾನೂನು ನನಗೆ ಗೊತ್ತಿರಲಿಲ್ಲವೇ? ಮೂಗು ಸೊರಸೊರ ಅನ್ನುವವರು ಯಾರೇ ಆಗಲಿ ಮುಂದಿನ ಕೋಣೆ, ಬೇರೆ ಲೋಟ, ಬಾಯಿಗೆ ಮಾಸ್ಕು. ನನ್ನ ತಮ್ಮನನ್ನೇ ನೀನು ಬಾಗಿಲಿನಿಂದ ವಾಪಸ್ಸು ಕಳಿಸಿದಾಗ ಮುಖ ಊದಿಸಿಕೊಂಡು, ಅಕ್ಕಪಕ್ಕದವರ ಮುಂದೆಲ್ಲ ನಿನ್ನನ್ನು ಇನ್ಸ್‌ಪೆಕ್ಟರಮ್ಮ ಎಂದು ಆಡಿಕೊಂಡವಳು ನಾನು. ಮಗು ಹುಟ್ಟಿನಿಂದಲೇ ಹೊತ್ತು ತಂದ ಎದೆಯ ಕಾಯಿಲೆಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆ ಹೆಸರು ನಾಲಿಗೆಗೆ ಕೂರಲು ನನಗೆ ವರ್ಷ ಹಿಡಿಯಿತು, ಆದರೆ ಬೆನ್ನು ತಟ್ಟುವುದನ್ನು ಒಂದೇ ದಿನದಲ್ಲಿ ಕಲಿತೆ. ಗೋಂದಿನಂತೆ ಅಂಟಿಕೊಂಡ ಕಫ ಸಡಿಲವಾಗುವಂತೆ ಅಂಗೈ ಗುಳಿ ಮಾಡಿ ತಟ್ಟಿದರೆ ಮಗು, ನಮ್ಮ ಮಾತಿನ ಪಟಾಕಿ, "ಅಜ್ಜಿ ಕೈಯೇ ಬೇಕು" ಅನ್ನುತ್ತಾಳಲ್ಲ, ಆ ಮಾತಿನಿಂದ ನನ್ನ ತಲೆ ತಿರುಗಿತ್ತು. ನಿನಗೆ ರಜೆಯ ತೊಂದರೆಯಾಗಬಾರದೆಂದು ಸುಮ್ಮನಿದ್ದೆ ಎಂದು ಬರೆದರೆ ನೀನು ನಂಬುತ್ತೀಯ. ಅದು ಸುಳ್ಳು. ಮುಂದಿನ ಕೋಣೆಯಲ್ಲಿ ಬೇಡದವಳ ಹಾಗೆ ಕೂರುವುದು ನನಗೆ ಬೇಡವಾಗಿತ್ತು, ಅಷ್ಟೇ.

ನಾನು ಅವಳ ಬೆನ್ನ ಹಿಂದೆ ಕೂರುವವಳು, ನನ್ನ ಮೂಗಿಗೂ ಅವಳ ಮೂಗಿಗೂ ದೂರ, ಎದುರಿಗಿಲ್ಲದ ನೆಗಡಿ ಹೇಗೆ ಹತ್ತುತ್ತದೆ ಎಂದುಕೊಂಡೆ. ಮೂಗು ಒರೆಸಿಕೊಂಡ ಕೈಯಲ್ಲೇ ಬೆನ್ನು ತಟ್ಟಿದೆ, ಜಡೆ ಹಾಕಿದೆ, ಬಾಯಿ ಒರೆಸಿದೆ. ನೀನು ಅಂಗಡಿಯಿಂದ ಬರುವ ಹೊತ್ತಿಗೆ ಸರಿಯಾಗಿ ಈರುಳ್ಳಿ ಹೆಚ್ಚಲು ಕೂರುತ್ತಿದ್ದೆ. ಕಣ್ಣು ಮೂಗು ಯಾಕೆ ಸುರಿಯುತ್ತಿದೆ ಎಂದು ನೀನು ಕೇಳಲೇ ಇಲ್ಲ. ಆ ವಾರವೆಲ್ಲ ಯಾವ ಅಡುಗೆ ಮಾಡಿದರೂ ಈರುಳ್ಳಿ. "ಅತ್ತೆ, ಈಗೀಗ ಅಡುಗೆ ಚೆನ್ನಾಗಿದೆ" ಎಂದು ನೀನು ಒಮ್ಮೆ ಹೊಗಳಿದೆ ಕೂಡ. ಆ ಹೊಗಳಿಕೆಯನ್ನು ನೆನೆದು ಈಗ ಈರುಳ್ಳಿ ಮುಟ್ಟುವುದನ್ನೇ ಬಿಟ್ಟಿದ್ದೇನೆ.

ಬೇರೆ ಮಕ್ಕಳಿಗೆ ಇದು ಒಂದು ಕರವಸ್ತ್ರದ ವಿಷಯ, ಈ ಮಗುವಿನ ಎದೆಯಲ್ಲಿ ಹಾಗಲ್ಲ, ವೈರಸ್ ಒಳಗೆ ಕಾಲಿಟ್ಟರೆ ಹಿಂದೆಯೇ ಬೇರೆ ರೋಗಾಣುಗಳೂ ನುಗ್ಗುತ್ತವೆ ಎಂದು ಡಾಕ್ಟರು ಹೇಳಿದರಂತೆ. ಇದೇ ಮಾತನ್ನು ನೀನು ಎಷ್ಟು ಸಲ ಹೇಳಿದ್ದೆ. ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ. ನಾಚಿಕೆಯಾಗುತ್ತದೆ ಕಣಮ್ಮ. ಕೆಲಸ ಬಿಡಬೇಡ. ಬಿಡಿಸುವುದಾದರೆ ನನ್ನನ್ನು ಬಿಡಿಸು, ಬೆನ್ನು ತಟ್ಟಲು ಬೇರೆ ಯಾರನ್ನಾದರೂ ಇಟ್ಟುಕೋ. ನಾನು ಈಗ ಮುಂದಿನ ಕೋಣೆಯಲ್ಲೇ ಮಲಗುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ; ಬೈಯಬೇಕೆನ್ನಿಸಿದರೆ ಮನಸ್ಸಲ್ಲಿಟ್ಟುಕೊಳ್ಳದೆ ಬೈದುಬಿಡು. ಮಗುವಿಗೆ ನನ್ನ ಮುತ್ತುಗಳನ್ನು ದೂರದಿಂದಲೇ ಕೊಡು. ನೀನು ಚೆನ್ನಾಗಿರು.

ತಲೆ ತಗ್ಗಿಸಿರುವ
ನಿನ್ನ ಅತ್ತೆ

ಮತ್ತೆ: ಮಗ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪಟಾಕಿ ಮೂರು ದಿನದಿಂದ ಮಾತೇ ಆಡುತ್ತಿಲ್ಲ, ಕಫ ಸಡಿಲಿಸಲು ಊದು ಎಂದರೆ ಊದುವುದಿಲ್ಲ, ಕೆಮ್ಮು ಬಂದರೂ ತುಟಿ ಬಿಗಿಹಿಡಿದು ನುಂಗುತ್ತಾಳೆ, ಹೀಗೇ ಆದರೆ ಕೊಳವೆ ಹಾಕಿ ಕಫ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಅಂದರಂತೆ. ಅದು ಕಾಯಿಲೆಯ ಸುಸ್ತಲ್ಲ. ನಾನು ಸೀನಿದ್ದನ್ನು ಅವಳು ನೋಡಿದ್ದಳು. ಅವಳ ಕೈಯನ್ನು ನನ್ನ ತಲೆಯ ಮೇಲಿಟ್ಟು ಆಣೆ ಮಾಡಿಸಿದ್ದೆ, ಅಮ್ಮನಿಗೆ ಹೇಳಿದರೆ ಅಜ್ಜಿ ಸತ್ತುಹೋಗುತ್ತಾಳೆ ಅಂದಿದ್ದೆ. ಮನೆಯಲ್ಲಿ ಯಾರಿಗೆ ನೆಗಡಿ ಇತ್ತು ಎಂದು ಡಾಕ್ಟರು ಕೇಳಿದಾಗಿನಿಂದ ಅವಳು ಬಾಯಿ ಮುಚ್ಚಿದ್ದಾಳೆ. ಬಾಯಿ ತೆರೆದರೆ ಮಾತು ಜಾರೀತೆಂದು ಹೆದರಿಕೊಂಡು ನನ್ನ ಜೀವ ಕಾಯುತ್ತಿದ್ದಾಳೆ, ನನ್ನ ಕೂಸು. ಈ ಕಾಗದ ಓದಿದ ತಕ್ಷಣ, ನನ್ನ ಮೇಲೆ ಸಿಟ್ಟಾಗುವುದಕ್ಕೂ ಮೊದಲು, ಅವಳ ಕಿವಿಯಲ್ಲಿ ಹೇಳು: ಅಜ್ಜಿ ಎಲ್ಲವನ್ನೂ ತಾನೇ ಹೇಳಿದ್ದಾಳೆ, ಅಜ್ಜಿ ಸತ್ತಿಲ್ಲ, ಇನ್ನು ಕೆಮ್ಮು ಕಂದ.